ವೇಗ ಎಷ್ಟು, ಬಿಸಿ ಎಷ್ಟು? ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಐವತ್ತು ವರ್ಷದ ಕಥೆ

2004ರ ಆಗಸ್ಟ್ ತಿಂಗಳು. ಬರ್ ದುಬೈಯ ಹಳೇ ಕಟ್ಟಡವೊಂದರ ನಾಲ್ಕನೇ ಮಹಡಿಯ ಒಂದೇ ಕೋಣೆಯಲ್ಲಿ ನಾವು ಏಳು ಜನ. ಕುಂದಾಪುರದ ಹೋಟೆಲ್ ಕ್ಯಾಷಿಯರ್, ಪುತ್ತೂರಿನ ಎಲೆಕ್ಟ್ರಿಷಿಯನ್, ಗುಲ್ಬರ್ಗದ ಇಬ್ಬರು ಡ್ರೈವರ್‌ಗಳು, ದಾವಣಗೆರೆಯ ಒಬ್ಬ ಸ್ಟೋರ್‌ಕೀಪರ್, ಆಸ್ಪತ್ರೆಯ ಫಾರ್ಮಸಿಯಿಂದ ನಾವಿಬ್ಬರು. ಊರಿಗೆ ಫೋನ್ ಮಾಡಿದರೆ ಕಾರ್ಡ್ ಕರಗುತ್ತಿದ್ದ ಕಾಲ. ಕಂಪ್ಯೂಟರ್ ಒಂದಿದ್ದರೆ ಮನೆಯವರ ಮುಖ ನೋಡಿ ಮಾತಾಡಬಹುದು ಎಂದು ಏಳೂ ಜನ ಸಮಪಾಲು ಹಾಕಿದೆವು. ನಡೆದು ಹೋಗುವಷ್ಟು ಹತ್ತಿರದಲ್ಲೇ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳ ಸಾಲು. ಅಂಗಡಿಯವ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಗಿಗಾಹರ್ಟ್ಸ್ ಬೇಕು?" ನಮಗೂ ಗೊತ್ತಿದ್ದದ್ದು ಅದೊಂದೇ ಲೆಕ್ಕ. ಜೇಬಿಗೆ ಎಟುಕಿದ ಅತಿ ದೊಡ್ಡ ಅಂಕೆ 3.2. ಹೊಸದಾಗಿ ಬಂದಿದ್ದ ಪೆಂಟಿಯಂ 4 ಅದು. ಹೊತ್ತು ತಂದೆವು.

ಒಂದು ವಾರದಲ್ಲಿ ಜಗಳ ಶುರು. ಕಂಪ್ಯೂಟರ್ ಇಟ್ಟ ಮೂಲೆಯ ಮಂಚದವನಿಗೆ ನಿದ್ದೆಯಿಲ್ಲ. ಒಂದೇ ಒಂದು ವಿಂಡೋ ಎಸಿ, ಅದೂ ನಮ್ಮ ವಯಸ್ಸಿನದು. ಫ್ಯಾನಿನ ಸದ್ದು ಮಿಕ್ಸಿಯ ಹಾಗೆ. ಕುಂದಾಪುರದವರು ಪೆಟ್ಟಿಗೆಯ ಹಿಂದೆ ಕೈಯಿಟ್ಟು ನೋಡಿ, "ಎಂತ ಮಾರಾಯ್ರೆ, ಇದು ಕಂಪ್ಯೂಟರಾ, ನೀರೊಲೆಯಾ?" ಎಂದರು. ಎಲೆಕ್ಟ್ರಿಷಿಯನ್ ಗೆಳೆಯ ಸೈಟಿನಿಂದ ಕ್ಲ್ಯಾಂಪ್ ಮೀಟರ್ ತಂದು ವಯರಿಗೆ ಹಾಕಿದ. ಮಾನಿಟರ್ ಬಿಟ್ಟು, ಪೆಟ್ಟಿಗೆಯೊಂದೇ ಮುಕ್ಕಾಲು ಆಂಪಿಯರ್ ಎಳೆಯುತ್ತಿತ್ತು. "ಇದರಲ್ಲಿ ಪವರ್ ಫ್ಯಾಕ್ಟರ್ ಕಳೆಯಬೇಕು, ಆದರೂ ಎರಡು ಟ್ಯೂಬ್‌ಲೈಟ್ ಅಲ್ಲ, ಮೂರು ಟ್ಯೂಬ್‌ಲೈಟಿನ ಲೆಕ್ಕ ಡಾಕ್ಟ್ರೇ" ಎಂದ. (ಫಾರ್ಮಸಿಯವರನ್ನು ರೂಮಿನಲ್ಲಿ ಡಾಕ್ಟ್ರೇ ಅನ್ನುವುದು ಗೌರವಕ್ಕಲ್ಲ, ತಮಾಷೆಗೆ ಎಂದು ಗಲ್ಫಿನವರಿಗೆ ಬಿಡಿಸಿ ಹೇಳಬೇಕಿಲ್ಲ.)

ನಾವು ಕೊಂಡದ್ದು ಎಂಥ ಸರಕು, ಅದೇ ಹೊತ್ತಿಗೆ ಅಮೆರಿಕದಲ್ಲಿ ಅದನ್ನು ಮಾಡಿದವರೇ ಎಂಥ ಇಕ್ಕಟ್ಟಿನಲ್ಲಿದ್ದರು ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕಥೆಯನ್ನು ಮೊದಲಿನಿಂದ ಹೇಳುವುದು ಒಳ್ಳೆಯದು.

1971ರಲ್ಲಿ ಇಂಟೆಲ್ ಕಂಪನಿ 4004 ಎಂಬ ಚಿಪ್ ಮಾಡಿತು. ಜಪಾನಿನ ಬಿಸಿಕಾಂ ಎಂಬ ಕಂಪನಿಯ ಕ್ಯಾಲ್ಕುಲೇಟರಿಗಾಗಿ ಮಾಡಿದ್ದು ಅದು. ಅದರೊಳಗೆ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್‌ಗಳು. ಟ್ರಾನ್ಸಿಸ್ಟರ್ ಎಂದರೆ ಒಂದು ಪುಟ್ಟ ಸ್ವಿಚ್ ಅಂದುಕೊಳ್ಳಿ. ಪ್ರೊಸೆಸರಿನ ಕೆಲಸವೆಲ್ಲ ಇಂಥ ಸ್ವಿಚ್‌ಗಳನ್ನು ಹಾಕುವುದು, ಆರಿಸುವುದು. ಸೆಕೆಂಡಿಗೆ ಎಷ್ಟು ಸಲ ತಾಳ ಹಾಕುತ್ತದೆ ಎಂಬುದೇ ಗಡಿಯಾರದ ವೇಗ, ನಮ್ಮ ಅಂಗಡಿಯವ ಕೇಳಿದ ಹರ್ಟ್ಸ್. 1981ರಲ್ಲಿ ಐಬಿಎಂ ಕಂಪನಿ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದ 8088 ಚಿಪ್ಪಿನ ವೇಗ 4.77 ಮೆಗಾಹರ್ಟ್ಸ್. 1985ರ 386ರಲ್ಲಿ 2,75,000 ಟ್ರಾನ್ಸಿಸ್ಟರ್‌ಗಳು. ಆ ಕಾಲದ ಪ್ರೊಸೆಸರಿನ ತಲೆಯ ಮೇಲೆ ಫ್ಯಾನ್ ಇರಲಿಲ್ಲ, ಅಲ್ಯೂಮಿನಿಯಂ ಹೀಟ್ ಸಿಂಕ್ ಕೂಡ ಬೇಕಿರಲಿಲ್ಲ. ಬೋರ್ಡಿನ ಮೇಲೆ ಉಳಿದ ಚಿಪ್‌ಗಳ ಜೊತೆ ತಣ್ಣಗೆ ಕೂತಿರುತ್ತಿತ್ತು. ಯಾರೂ ಅದು ಎಷ್ಟು ವ್ಯಾಟ್ ಎಂದು ಕೇಳುತ್ತಿರಲಿಲ್ಲ.

ಕೇಳುವ ಅಗತ್ಯ ಬರದಿರಲು ಒಂದು ಕಾರಣವಿತ್ತು. ಗಾರ್ಡನ್ ಮೂರ್ 1965ರಲ್ಲಿ ಹೇಳಿದ ಮಾತು ಎಲ್ಲರಿಗೂ ಗೊತ್ತು: ಚಿಪ್ಪಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್‌ಗಳ ಸಂಖ್ಯೆ ವರ್ಷ ವರ್ಷ ಇಮ್ಮಡಿಯಾಗುತ್ತದೆ ಎಂದಿದ್ದರು, 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಅದರ ಬೆನ್ನಿಗಿದ್ದ ಇನ್ನೊಬ್ಬರ ಹೆಸರು ಅಷ್ಟು ಪ್ರಸಿದ್ಧವಾಗಲಿಲ್ಲ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಒಂದು ಲೆಕ್ಕ ಕೊಟ್ಟರು. ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡುತ್ತ ಹೋದಂತೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು. ಹಾಗೆ ಮಾಡಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿ, ಹೆಚ್ಚು ವೇಗದಲ್ಲಿ ಓಡಿಸಿದರೂ ಆ ಜಾಗದ ಬಿಸಿ ಏರುವುದಿಲ್ಲ. ಅಂದರೆ ವೇಗ ಬಿಟ್ಟಿ! ಮೂವತ್ತು ವರ್ಷ ಇಡೀ ಉದ್ಯಮ ಈ ಬಿಟ್ಟಿ ಊಟ ಉಂಡಿತು.

ವೋಲ್ಟೇಜಿನ ಮಾತು ಯಾಕೆ ಇಷ್ಟು ಮುಖ್ಯ ಎಂದರೆ, ಪ್ರೊಸೆಸರ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗದ ಜೊತೆ ಸಮನಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಮಾತ್ರ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹೆಚ್ಚು ವೇಗ ಬೇಕಾದರೆ ಸಾಮಾನ್ಯವಾಗಿ ವೋಲ್ಟೇಜೂ ಹೆಚ್ಚು ಬೇಕು. ವೇಗ ನೂರಕ್ಕೆ 10, ವೋಲ್ಟೇಜ್ ನೂರಕ್ಕೆ 10 ಏರಿಸಿದಿರಿ ಎನ್ನಿ: 1.1ನ್ನು ಮೂರು ಸಲ ಗುಣಿಸಿ, 1.33. ಹತ್ತು ಪಾಲು ವೇಗಕ್ಕೆ ಮೂವತ್ತಮೂರು ಪಾಲು ಕರೆಂಟು. ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನೋವಿನ ಮಾತ್ರೆಯ ಡೋಸ್ ಇಮ್ಮಡಿ ಮಾಡಿದರೆ ನೋವು ಇಮ್ಮಡಿ ಕಡಿಮೆಯಾಗುವುದಿಲ್ಲ. ಒಂದು ಹಂತದ ಮೇಲೆ ಗುಣ ನಿಲ್ಲುತ್ತದೆ, ಹೊಟ್ಟೆಯುರಿ ಮಾತ್ರ ಏರುತ್ತದೆ. ಪ್ರೊಸೆಸರಿನ ಹೊಟ್ಟೆಯುರಿಯ ಹೆಸರು ವ್ಯಾಟ್.

1993ರ ಮಾರ್ಚಿನಲ್ಲಿ ಪೆಂಟಿಯಂ ಬಂತು. 31 ಲಕ್ಷ ಟ್ರಾನ್ಸಿಸ್ಟರ್‌ಗಳು, 60 ಮತ್ತು 66 ಮೆಗಾಹರ್ಟ್ಸ್, 5 ವೋಲ್ಟ್. ಅದರ ಹಿಂದಿದ್ದವರಲ್ಲಿ ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಅವರೂ ಒಬ್ಬರು. ಅವರನ್ನು ಪೆಂಟಿಯಂ ಪಿತಾಮಹ ಎಂದೇ ಕರೆದರು. ಮುಂದೆ ಅವರು ಇಂಟೆಲ್ ಬಿಟ್ಟು ಎದುರಾಳಿ ಎಎಂಡಿಯ ಕೆ6 ಚಿಪ್ಪಿಗೂ ದುಡಿದರು. ಅಷ್ಟು ಹೊತ್ತಿಗೆ ಪ್ರೊಸೆಸರಿನ ನೆತ್ತಿಗೆ ಫ್ಯಾನ್ ಬಂದಾಗಿತ್ತು. ಮೊದಲ ಪೆಂಟಿಯಂ ಬಿಸಿ ಎಂದು ಜನ ಗೊಣಗಿದ್ದು 15 ವ್ಯಾಟ್ ಆಸುಪಾಸಿಗೆ. ಇವತ್ತು ಓದಿದರೆ ನಗು ಬರುತ್ತದೆ.

ಆಮೇಲೆ ಅಂಕೆಯ ಓಟ. 2000ದ ಮಾರ್ಚ್ 6ರಂದು ಎಎಂಡಿಯ ಅಥ್ಲಾನ್ 1 ಗಿಗಾಹರ್ಟ್ಸ್ ಮುಟ್ಟಿತು. ಇಂಟೆಲ್ ಎರಡೇ ದಿನ ತಡವಾಗಿ, ಮಾರ್ಚ್ 8ರಂದು ಪೆಂಟಿಯಂ 3ರಲ್ಲಿ ಮುಟ್ಟಿತು. ಆ ಎರಡು ದಿನದ ಅವಮಾನ ಇಂಟೆಲ್‌ಗೆ ಬಹಳ ತಟ್ಟಿರಬೇಕು ಎಂಬುದು ನಮ್ಮ ಊಹೆ. ಅದೇ ವರ್ಷ ನವೆಂಬರಿನಲ್ಲಿ ಬಂದ ಪೆಂಟಿಯಂ 4 ಮಾತ್ರ ಗಿಗಾಹರ್ಟ್ಸ್ ಏರಿಸಲೆಂದೇ ಹುಟ್ಟಿದ ವಿನ್ಯಾಸ. ಕೆಲಸವನ್ನು 20 ಚಿಕ್ಕ ಚಿಕ್ಕ ಹಂತಗಳಾಗಿ ಒಡೆದು, ಒಂದೊಂದು ಹಂತಕ್ಕೆ ಒಂದು ತಾಳ. ಹಂತ ಚಿಕ್ಕದಾದಷ್ಟೂ ತಾಳ ಬೇಗ ಹಾಕಬಹುದು. ಆದರೆ ಒಂದು ತಾಳದಲ್ಲಿ ಆಗುವ ಕೆಲಸ ಕಡಿಮೆ. ಕಾಲು ಬೇಗ ಬೇಗ ಇಡುವವನು ದೂರ ಹೋಗುತ್ತಾನೆ ಎನ್ನಲಾಗದು, ಹೆಜ್ಜೆಯ ಉದ್ದವೂ ಬೇಕು. 1.4, 1.5 ಗಿಗಾಹರ್ಟ್ಸಿನ ಮೊದಲ ಪೆಂಟಿಯಂ 4 ಹಲವು ಕೆಲಸಗಳಲ್ಲಿ 1 ಗಿಗಾಹರ್ಟ್ಸಿನ ಪೆಂಟಿಯಂ 3ಕ್ಕೇ ಸೋಲುತ್ತಿತ್ತು. ಆದರೆ ಅಂಗಡಿಯ ಬೋರ್ಡಿನಲ್ಲಿ ಹೆಜ್ಜೆಯ ಉದ್ದ ಯಾರೂ ಬರೆಯುವುದಿಲ್ಲ. ಎಎಂಡಿಯವರು ಇದಕ್ಕೆ ಒಂದು ಉಪಾಯ ಹೂಡಿದರು. 2001ರಲ್ಲಿ 1.53 ಗಿಗಾಹರ್ಟ್ಸಿನ ತಮ್ಮ ಚಿಪ್ಪಿಗೆ ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರಿಟ್ಟರು. 1800 ಎಂಬುದು ವೇಗವಲ್ಲ, 'ಅಷ್ಟು ಮೆಗಾಹರ್ಟ್ಸಿಗೆ ಸಮ' ಎಂಬ ಸೂಚನೆ. ನಿಜ ಹೇಳಲು ಸುಳ್ಳಿನ ಹಾಗೆ ಕಾಣುವ ಅಂಕೆ ಬೇಕಾಯಿತು.

ಎಎಂಡಿಯವರದೂ ತಣ್ಣನೆಯ ಸರಕೇನಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪರೀಕ್ಷಕರ ತಂಡ ಓಡುತ್ತಿರುವ ಪ್ರೊಸೆಸರುಗಳ ನೆತ್ತಿಯಿಂದ ಹೀಟ್ ಸಿಂಕ್ ಎತ್ತಿ ಚಿತ್ರೀಕರಿಸಿತು. ಅಥ್ಲಾನ್ ಹೊಗೆಯಾಡಿ ಸುಟ್ಟುಹೋಯಿತು. ಪೆಂಟಿಯಂ 4 ತನ್ನಷ್ಟಕ್ಕೆ ವೇಗ ಇಳಿಸಿಕೊಂಡು ಬದುಕಿತು. ಬಿಸಿ ತಿಳಿಯುವ ಸೆನ್ಸರ್ ಅದರೊಳಗೇ ಇತ್ತು. ಇವತ್ತು ಎಲ್ಲ ಪ್ರೊಸೆಸರ್‌ಗಳಲ್ಲೂ ಆ ಏರ್ಪಾಡು ಇದೆ.

ಅದೇ 2001ರ ಫೆಬ್ರವರಿಯಲ್ಲಿ ಇಂಟೆಲ್‌ನ ಹಿರಿಯ ಅಧಿಕಾರಿ ಪ್ಯಾಟ್ ಗೆಲ್ಸಿಂಗರ್ ಸ್ಯಾನ್ ಫ್ರಾನ್ಸಿಸ್ಕೋದ ಎಂಜಿನಿಯರುಗಳ ಸಮ್ಮೇಳನದಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು. ಇದೇ ರೀತಿ ಹೋದರೆ ಚಿಪ್ಪಿನ ಒಂದು ಚದರ ಸೆಂಟಿಮೀಟರಿನ ಬಿಸಿ ಮೊದಲು ಅಣು ರಿಯಾಕ್ಟರಿನ ಮಟ್ಟಕ್ಕೆ, ಆಮೇಲೆ ರಾಕೆಟ್ಟಿನ ಬಾಯಿಗೆ, ಆಮೇಲೆ ಸೂರ್ಯನ ಮೇಲ್ಮೈಗೆ ಸಮನಾಗುತ್ತದೆ ಎಂದು. ಕಂಪನಿಯೊಳಗಿನವರೇ ಹೇಳಿದ ಮಾತು. ಆದರೂ ರೈಲು ಅದೇ ಹಳಿಯಲ್ಲಿ ಓಡಿತು.

ಓಡಿ ಬಂದು ನಿಂತದ್ದು ನಮ್ಮ ಬರ್ ದುಬೈ ಕೋಣೆಯಲ್ಲಿ. 2004ರ ಫೆಬ್ರವರಿಯಲ್ಲಿ ಬಿಡುಗಡೆಯಾದ, ಪ್ರೆಸ್ಕಾಟ್ ಎಂಬ ಒಳಹೆಸರಿನ ಪೆಂಟಿಯಂ 4 ನಾವು ಕೊಂಡದ್ದು. 90 ನ್ಯಾನೋಮೀಟರಿನ ಹೊಸ ತಯಾರಿ. ಹಂತಗಳು 20ರಿಂದ 31ಕ್ಕೆ ಏರಿದ್ದವು. ಚಿಕ್ಕದಾದ ಟ್ರಾನ್ಸಿಸ್ಟರ್ ಕಡಿಮೆ ಬಿಸಿಯಾಗಬೇಕು ಎಂಬುದು ಮೂವತ್ತು ವರ್ಷದ ರೂಢಿ. ಪ್ರೆಸ್ಕಾಟ್ ತನ್ನ ಹಿಂದಿನದಕ್ಕಿಂತ ಹೆಚ್ಚು ಬಿಸಿಯಾಯಿತು, 100 ವ್ಯಾಟ್ ಮೀರಿತು, ಅಷ್ಟೇ ಗಿಗಾಹರ್ಟ್ಸಿನಲ್ಲಿ ಹಲವು ಕೆಲಸಗಳಿಗೆ ಹಿಂದಿನದಕ್ಕಿಂತ ನಿಧಾನವೂ ಆಯಿತು. ಡೆನ್ನಾರ್ಡ್ ಲೆಕ್ಕ ಅಲ್ಲಿ ಮುರಿದುಬಿದ್ದಿತ್ತು. ಟ್ರಾನ್ಸಿಸ್ಟರಿನ ಗೋಡೆಗಳು ಎಷ್ಟು ತೆಳುವಾಗಿದ್ದವೆಂದರೆ, ಸ್ವಿಚ್ ಆರಿಸಿದಾಗಲೂ ಕರೆಂಟು ಸೋರುತ್ತಿತ್ತು. ವಾಷರ್ ಹೋದ ನಲ್ಲಿ ತಿರುಗಿಸಿ ಮುಚ್ಚಿದರೂ ತೊಟ್ಟಿಕ್ಕುವ ಹಾಗೆ. ಹನ್ನೆರಡು ಕೋಟಿಗೂ ಹೆಚ್ಚು ನಲ್ಲಿಗಳು ಒಟ್ಟಿಗೆ ತೊಟ್ಟಿಕ್ಕಿದರೆ? ವೋಲ್ಟೇಜ್ ಇನ್ನೂ ಇಳಿಸೋಣವೆಂದರೆ ಸೋರಿಕೆ ಇನ್ನೂ ಹೆಚ್ಚು. ಬಿಟ್ಟಿ ಊಟದ ಛತ್ರ ಮುಚ್ಚಿತು.

ಇಂಟೆಲ್ 2004ರ ಮೇ ತಿಂಗಳಲ್ಲಿ ಮುಂದಿನ ಚಿಪ್ ತೇಜಸ್‌ನ್ನು ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಂ 4ನ್ನೂ ಕೈಬಿಟ್ಟಿತು. ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮಾವೇಶದ ವೇದಿಕೆಯಲ್ಲಿ ತಮಾಷೆಯಾಗಿ ಮೊಣಕಾಲೂರಿ ಕ್ಷಮೆ ಕೇಳಿದರು. ನಾವು ಆಗಸ್ಟಿನಲ್ಲಿ ಕೊಂಡಿದ್ದೆವು, ಮೇ ಮತ್ತು ಅಕ್ಟೋಬರಿನ ನಡುವೆ!

ಪರಿಹಾರ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಇಸ್ರೇಲಿನ ಹೈಫಾದಲ್ಲಿದ್ದ ಇಂಟೆಲ್ ತಂಡ ಲ್ಯಾಪ್‌ಟಾಪಿಗೆಂದು ಪೆಂಟಿಯಂ ಎಂ ಎಂಬ ಚಿಪ್ ಮಾಡಿತ್ತು. 2003ರ ಮಾರ್ಚಿನಲ್ಲಿ ಬಂದದ್ದು. ಬ್ಯಾಟರಿಯಲ್ಲಿ ಓಡಬೇಕಾದ್ದರಿಂದ ಅವರಿಗೆ ಗಿಗಾಹರ್ಟ್ಸಿನ ಮೋಹ ಇರಲಿಲ್ಲ. ಹೆಜ್ಜೆ ಉದ್ದ ಮಾಡಿದರು, ಕೆಲಸವಿಲ್ಲದ ಭಾಗಕ್ಕೆ ಕರೆಂಟು ನಿಲ್ಲಿಸಿದರು. 1.6 ಗಿಗಾಹರ್ಟ್ಸಿನ ಚಿಪ್ 25 ವ್ಯಾಟ್ ಒಳಗೆ, ಅದಕ್ಕಿಂತ ಬಹಳ ಹೆಚ್ಚು ಗಿಗಾಹರ್ಟ್ಸಿನ ಪೆಂಟಿಯಂ 4ರ ಸಮಕ್ಕೆ ಕೆಲಸ ಮಾಡುತ್ತಿತ್ತು. ಇದನ್ನು ಕಂಡು ತೈವಾನಿನ ಆಸುಸ್ ಕಂಪನಿ ಲ್ಯಾಪ್‌ಟಾಪ್ ಚಿಪ್ಪನ್ನು ಪೆಂಟಿಯಂ 4ರ ಮದರ್‌ಬೋರ್ಡಿಗೆ ಕೂರಿಸುವ ಒಂದು ಅಡಾಪ್ಟರನ್ನೇ ಮಾರಿತು. 2005ರ ಜೂನಿನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ತಮ್ಮ ಕಂಪ್ಯೂಟರುಗಳನ್ನು ಪವರ್‌ಪಿಸಿಯಿಂದ ಇಂಟೆಲ್‌ಗೆ ಬದಲಿಸುವುದಾಗಿ ಸಾರಿದಾಗ ಕೊಟ್ಟ ಕಾರಣವೂ ಒಂದು ವ್ಯಾಟಿಗೆ ಎಷ್ಟು ಕೆಲಸ ಎಂಬುದೇ. ಪವರ್‌ಪಿಸಿ ಜಿ5 ಹಾಕಿದ ಅವರ ದೊಡ್ಡ ಡೆಸ್ಕ್‌ಟಾಪಿಗೆ ಅದಾಗಲೇ ನೀರಿನ ಕೂಲಿಂಗ್ ಹಾಕಬೇಕಾಗಿ ಬಂದಿತ್ತು.

2006ರ ಜುಲೈನಲ್ಲಿ ಕೋರ್ 2 ಡ್ಯುಯೋ ಬಂತು. ಅದರ ಬೇರು ಆ ಹೈಫಾ ತಂಡದ ಕೆಲಸದಲ್ಲೇ ಇತ್ತು. ಹಿಂದಿನ ವರ್ಷದ ಪೆಂಟಿಯಂ ಡಿ 840 ಎರಡು ಪ್ರೆಸ್ಕಾಟ್‌ಗಳನ್ನು ಒಟ್ಟಿಗೆ ಹೊಲಿದಂತಿದ್ದು 3.2 ಗಿಗಾಹರ್ಟ್ಸಿಗೆ 130 ವ್ಯಾಟ್ ಕೇಳುತ್ತಿತ್ತು. ಹೊಸ ಇ6600 ಬರೀ 2.4 ಗಿಗಾಹರ್ಟ್ಸ್, 65 ವ್ಯಾಟ್, ಕೆಲಸದಲ್ಲಿ ಎಷ್ಟೋ ಮುಂದೆ. ನೂರಕ್ಕೆ 40 ಹೆಚ್ಚು ಕೆಲಸ, ನೂರಕ್ಕೆ 40 ಕಡಿಮೆ ವಿದ್ಯುತ್ತು ಎಂದು ಕಂಪನಿ ಹೇಳಿಕೊಂಡಿತು. ಕಂಪನಿಗಳ ಜಾಹೀರಾತನ್ನು ನಾವು ಔಷಧ ಪ್ರತಿನಿಧಿಯ ಕರಪತ್ರದಷ್ಟೇ ನಂಬುವವರು, ಆದರೆ ಈ ಸಲ ಹೊರಗಿನ ಪರೀಕ್ಷಕರೂ ಹೌದು ಎಂದರು. ಅಂಕೆ ಇಳಿದು ವೇಗ ಏರಿದ ಆ ವರ್ಷವನ್ನು ಈ ಇಡೀ ಚರಿತ್ರೆಯ ತಿರುವು ಎಂದು ನಾವು ಎಣಿಸುತ್ತೇವೆ.

ನಮಗೆ ಮಾತ್ರ ಬುದ್ಧಿ ಬಂದಿರಲಿಲ್ಲ. ಈಗ ಹೇಳಲು ಸಂಕೋಚವಾಗುವ ಪ್ರಸಂಗಕ್ಕೆ ಬರುತ್ತೇವೆ.

2008ರಲ್ಲಿ ನಾವು ಕೆಲವರು ಸೇರಿ ಕುಂದಾಪುರ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಕಂಪ್ಯೂಟರ್ ಕೊಡಿಸಲು ಹೊರಟೆವು. ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ತೆಗೆದಿಟ್ಟ ದುಡ್ಡು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗೆಳೆಯನೊಬ್ಬನ ಮೂಲಕ ವಿಚಾರಿಸಿದೆವು. ಯಾವುದೋ ಆಫೀಸಿನಿಂದ ಹೊರಬಿದ್ದ ಪೆಂಟಿಯಂ 4 ಯಂತ್ರಗಳು ಅಗ್ಗಕ್ಕೆ ಸಿಗುತ್ತಿದ್ದವು, ಪಟ್ಟಿಯಲ್ಲಿ 3 ಗಿಗಾಹರ್ಟ್ಸ್ ಎಂದಿತ್ತು. ಅದೇ ದುಡ್ಡಿಗೆ 2 ಗಿಗಾಹರ್ಟ್ಸಿಗಿಂತ ಕಡಿಮೆಯ ಹೊಸ ತಲೆಮಾರಿನವು ಬರೀ ಆರು ಬರುತ್ತಿದ್ದವು. ಹತ್ತು ಎಲ್ಲಿ, ಆರು ಎಲ್ಲಿ? 3 ಎಲ್ಲಿ, 1.8 ಎಲ್ಲಿ? ಹತ್ತನ್ನೇ ಕೊಂಡೆವು, ದಪ್ಪ ಟ್ಯೂಬಿನ ಹತ್ತು ಮಾನಿಟರುಗಳ ಜೊತೆ. ಶಾಲೆಯವರು ಟೇಪು ಕತ್ತರಿಸಿದ ಫೋಟೋ ನಮ್ಮ ರೂಮಿನ ಗೋಡೆಯಲ್ಲಿ ಬಹಳ ದಿನ ಇತ್ತು.

ಎರಡು ವಾರಕ್ಕೆ ಹೆಡ್‌ಮಾಸ್ತರರ ಫೋನು. ಹತ್ತೂ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತದೆ. ಹಗಲು ಕರೆಂಟು ಹೋದರೆ ಯುಪಿಎಸ್ ಹತ್ತು ಹನ್ನೆರಡು ನಿಮಿಷಕ್ಕೆ ಕೀ ಕೀ ಎಂದು ನಿಲ್ಲುತ್ತದೆ, ಮಕ್ಕಳು ತೆರೆದ ಕಡತ ಉಳಿಸುವಷ್ಟರಲ್ಲಿ ಎಲ್ಲ ಕಪ್ಪು. "ಬಿಲ್ಲು ಬಂದಿದೆ ಸ್ವಾಮಿ, ಸಾದಿಲ್ವಾರಿನಲ್ಲಿ ಅಷ್ಟು ದುಡ್ಡಿಲ್ಲ" ಎಂದರು, ದೂರುವ ದನಿಯಲ್ಲಲ್ಲ, ತಮ್ಮದೇ ತಪ್ಪು ಎಂಬ ದನಿಯಲ್ಲಿ. ಆ ದನಿಯೇ ನಮಗೆ ಹೆಚ್ಚು ಚುಚ್ಚಿದ್ದು. ಪುತ್ತೂರಿನ ಗೆಳೆಯ ಒಂದು ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಹಾಕಿದ: ಪೆಟ್ಟಿಗೆ 130, ಮಾನಿಟರ್ 70, ಒಂದಕ್ಕೆ 200 ವ್ಯಾಟ್, ಹತ್ತಕ್ಕೆ 2,000. "ಶಾಲೆಗೆ ಎರಡು ಇಸ್ತ್ರಿ ಪೆಟ್ಟಿಗೆ ಕೊಟ್ಟು ದಿನವಿಡೀ ಹಾಕಿಡಿ ಅಂದ ಹಾಗಾಯ್ತು" ಎಂದ. ಕೊನೆಗೆ ಶಾಲೆಯಲ್ಲಿ ಮೂರು ಯಂತ್ರ ಮಾತ್ರ ಹಾಕುತ್ತಿದ್ದರು. ಉಳಿದ ಏಳಕ್ಕೆ ಬಟ್ಟೆ ಮುಚ್ಚಿ ಶಾರದಾ ಪೂಜೆಯ ದಿನ ಕುಂಕುಮ ಹಚ್ಚುತ್ತಿದ್ದರು. ಮೂರು ಯಂತ್ರಕ್ಕೆ ನಲವತ್ತು ಮಕ್ಕಳು. ಆ ಎರಡು ಮೂರು ಬ್ಯಾಚಿನ ಮಕ್ಕಳು ಕೀಲಿಮಣೆ ಮುಟ್ಟದೆಯೇ ಎಸ್ಸೆಸ್ಸೆಲ್ಸಿ ಮುಗಿಸಿದರು. ಅವರಲ್ಲಿ ಒಬ್ಬ ಈಗ ಶಾರ್ಜಾದಲ್ಲಿ ನಮ್ಮ ಜೊತೆಗೇ ಇದ್ದಾನೆ, ಈ ಮಾತು ತೆಗೆದರೆ ನಗುತ್ತಾನೆ.

ಫಾರ್ಮಸಿಯಲ್ಲೂ ಅದೇ ಕಾಲದಲ್ಲಿ ಒಂದು ಪಾಠವಾಯಿತು. ಕೌಂಟರಿನ ಕೆಳಗೆ, ಡ್ರಾಯರುಗಳ ಪಕ್ಕಕ್ಕೆ ಕಂಪ್ಯೂಟರ್ ಪೆಟ್ಟಿಗೆ ತಳ್ಳಿಟ್ಟಿದ್ದೆವು. ಔಷಧಗಳ ಉಷ್ಣಾಂಶ ದಿನಕ್ಕೆರಡು ಸಲ ಬರೆಯಬೇಕು, 25 ಡಿಗ್ರಿ ಮೀರಬಾರದು. ಕೋಣೆಯ ಥರ್ಮಾಮೀಟರ್ 23 ಎನ್ನುತ್ತಿತ್ತು. ಆದರೆ ಒಂದು ದಿನ ಮಕ್ಕಳ ಜ್ವರದ ಸಪೋಸಿಟರಿ ತೆಗೆಯಲು ಆ ಡ್ರಾಯರ್ ಎಳೆದರೆ ಎಲ್ಲ ಮೆತ್ತಗೆ! ಇಡೀ ಡ್ರಾಯರಿನ ಸರಕು ವಿಲೇವಾರಿಗೆ ಹೋಯಿತು, ಕಂಪ್ಯೂಟರ್ ಗೋಡೆಯ ಬದಿಗೆ ಹೋಯಿತು. ಪ್ರೊಸೆಸರ್ ತಿನ್ನುವ ಪ್ರತಿ ವ್ಯಾಟೂ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ, ಬೇರೆ ದಾರಿಯಿಲ್ಲ. ನಮ್ಮ ಗಲ್ಫಿನಲ್ಲಿ ಅದಕ್ಕೆ ಎರಡನೇ ಬಿಲ್ಲು ಉಂಟು. ಆ ಬಿಸಿಯನ್ನು ಹೊರಹಾಕಲು ಎಸಿ ಓಡಬೇಕು, ಮೂರು ವ್ಯಾಟ್ ಬಿಸಿಗೆ ಅದು ಸುಮಾರು ಒಂದು ವ್ಯಾಟ್ ತಿನ್ನುತ್ತದೆ. ಚಳಿ ದೇಶದವರಿಗೆ ಪ್ರೆಸ್ಕಾಟ್ ಹೀಟರಿನ ಖರ್ಚು ಉಳಿಸಿರಬಹುದು, ನಮಗಲ್ಲ.

ಮುಂದಿನ ಚರಿತ್ರೆಯನ್ನು ಬೇಗ ದಾಟೋಣ. 2008ರಲ್ಲೇ ಇಂಟೆಲ್ ಆಟಮ್ ಎಂಬ ಪುಟ್ಟ ಚಿಪ್ ತಂದಿತು. ಡೆಸ್ಕ್‌ಟಾಪಿನ ಆಟಮ್ 230 ಬರೀ 4 ವ್ಯಾಟ್. ಆದರೆ ಅದರ ಜೊತೆಗೆ ಕೊಟ್ಟ ಹಳೆಯ ಚಿಪ್‌ಸೆಟ್ 22 ವ್ಯಾಟ್! ಆಳಿಗಿಂತ ಮೇಸ್ತ್ರಿಯ ಊಟ ಹೆಚ್ಚು. ಪ್ರೊಸೆಸರಿನ ಅಂಕೆಯೊಂದನ್ನೇ ನೋಡಬಾರದು, ಗೋಡೆಯ ಪ್ಲಗ್ಗಿನಲ್ಲಿ ಅಳೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2011ರಿಂದ ಇಂಟೆಲ್ ಒಂಟಿಯಾಗಿ ಮುಂದೆ ಓಡಿತು. ಎಎಂಡಿ ಅದೇ ವರ್ಷ ತಂದ ಬುಲ್ಡೋಜರ್ ಚಿಪ್ ಪೆಂಟಿಯಂ 4ರ ತಪ್ಪನ್ನೇ ಮತ್ತೆ ಮಾಡಿತು: ಗಿಗಾಹರ್ಟ್ಸ್ ಹೆಚ್ಚು, ಹೆಜ್ಜೆ ಚಿಕ್ಕದು, 125 ವ್ಯಾಟ್. 2013ರಲ್ಲಿ ಅದನ್ನೇ ಹಿಂಡಿ 5 ಗಿಗಾಹರ್ಟ್ಸ್ ಮುಟ್ಟಿಸಿದ ಎಫ್‌ಎಕ್ಸ್-9590ಕ್ಕೆ 220 ವ್ಯಾಟ್. ಕಂಪನಿ ಮುಳುಗುವ ಹಾಗಾಗಿತ್ತು. 2014ರಲ್ಲಿ ಲೀಸಾ ಸು ಮುಖ್ಯಸ್ಥೆಯಾದರು. 2017ರ ಮಾರ್ಚಿನಲ್ಲಿ ರೈಜನ್ ಬಂತು, ಎಂಟು ಕೋರ್‌ಗಳು, 95 ವ್ಯಾಟ್. 2019ರ ರೈಜನ್ 7 3700ಎಕ್ಸ್ ಎಂಟು ಕೋರ್‌ಗಳನ್ನು 65 ವ್ಯಾಟಿನ ಚೀಟಿಯಲ್ಲಿ ಕೊಟ್ಟಿತು. ತೈವಾನಿನ ಟಿಎಸ್‌ಎಂಸಿಯ 7 ನ್ಯಾನೋಮೀಟರ್ ಕಾರ್ಖಾನೆ ಅದರ ಬೆನ್ನಿಗಿತ್ತು. ಇಂಟೆಲ್ ಮಾತ್ರ ತನ್ನ 14 ನ್ಯಾನೋಮೀಟರಿನಲ್ಲೇ 2021ರವರೆಗೂ ಡೆಸ್ಕ್‌ಟಾಪ್ ಚಿಪ್ ಮಾಡುತ್ತಲೇ ಇತ್ತು.

ಚೀಟಿ ಎಂದೆವಲ್ಲ, ಆ ಚೀಟಿಯ ಬಗ್ಗೆ ಎರಡು ಮಾತು. ಡಬ್ಬಿಯ ಮೇಲಿನ ಟಿಡಿಪಿ ಎಂಬ ಅಂಕೆ ಪ್ರೊಸೆಸರ್ ಎಷ್ಟು ವಿದ್ಯುತ್ತು ಎಳೆಯುತ್ತದೆ ಎಂಬ ಅಳತೆಯಲ್ಲ. ಎಷ್ಟು ಬಿಸಿ ಹೊರಹಾಕುವ ಕೂಲರ್ ಹಾಕಬೇಕು ಎಂಬ ಸೂಚನೆ. ಒಂದು ಕಾಲದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. 2020ರ ಇಂಟೆಲ್ ಐ9-10900ಕೆ ಚಿಪ್ಪಿನ ಚೀಟಿಯಲ್ಲಿ 125 ವ್ಯಾಟ್ ಎಂದಿದ್ದರೂ ಜೋರು ಕೆಲಸ ಬಿದ್ದಾಗ ಸ್ವಲ್ಪ ಹೊತ್ತು 250 ವ್ಯಾಟಿನವರೆಗೆ ಹೋಗಲು ಅನುಮತಿ ಇತ್ತು. ಔಷಧದ ಲೇಬಲಿನಲ್ಲಿ ಹೀಗೆ ಬರೆದರೆ ಲೈಸೆನ್ಸ್ ಉಳಿಯುವುದಿಲ್ಲ! ಎಎಂಡಿಯದೂ ಅಷ್ಟೇ, ಹೊಸ 170 ವ್ಯಾಟಿನ ಚಿಪ್‌ಗಳು 230ರವರೆಗೆ ಎಳೆಯುತ್ತವೆ. ಸಮಾಧಾನವೆಂದರೆ ಅವುಗಳಲ್ಲಿ ಇಕೋ ಮೋಡ್ ಎಂಬುದಿದೆ. 65 ವ್ಯಾಟಿನ ಮಿತಿ ಹಾಕಿದರೂ ಬಹುಪಾಲು ಕೆಲಸ ಹಾಗೇ ಸಿಗುತ್ತದೆ. ಕೊನೆಯ ಸ್ವಲ್ಪ ವೇಗಕ್ಕಾಗಿಯೇ ಉಳಿದ ಕರೆಂಟೆಲ್ಲ ಸುಡುತ್ತಿತ್ತು ಎಂದಾಯಿತು.

ಗಿಗಾಹರ್ಟ್ಸಿನ ಹಳೇ ಚಪಲ ಪೂರ್ತಿ ಹೋಗಿಲ್ಲ. 2001ರಲ್ಲಿ ಸೂರ್ಯನ ಬಿಸಿಯ ಎಚ್ಚರಿಕೆ ಕೊಟ್ಟಿದ್ದ ಅದೇ ಗೆಲ್ಸಿಂಗರ್ 2021ರಲ್ಲಿ ಇಂಟೆಲ್‌ನ ಮುಖ್ಯಸ್ಥರಾದರು. ಅವರ ಕಾಲದಲ್ಲೇ 2022ರಲ್ಲಿ ಬಂದ ಐ9-13900ಕೆ 253 ವ್ಯಾಟ್ ಮುಟ್ಟಿತು. ಆ ತಲೆಮಾರಿನ ಹಲವು ಚಿಪ್‌ಗಳು ಅಸ್ಥಿರವಾಗಿ ಕೆಟ್ಟವು. ವೋಲ್ಟೇಜ್ ಮಿತಿಮೀರಿ ಹೋಗುತ್ತಿದ್ದದ್ದೇ ಮುಖ್ಯ ಕಾರಣ ಎಂದು ಕಂಪನಿ 2024ರಲ್ಲಿ ಒಪ್ಪಿ, ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ಇನ್ನೊಂದು ದಾರಿಯ ಕಥೆ ಹೇಳದೆ ಮುಗಿಸಲಾಗದು. 1985ರ ಏಪ್ರಿಲ್ 26ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಎಂಬ ಸಣ್ಣ ಕಂಪನಿಗೆ ತಮ್ಮ ಮೊದಲ ಆರ್ಮ್ ಚಿಪ್ ಕೈಗೆ ಬಂತು. ವಿನ್ಯಾಸ ಮಾಡಿದವರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಬೋರ್ಡಿಗೆ ಹಾಕಿದರು, ಚಿಪ್ ಕೆಲಸ ಮಾಡಿತು. ಎಷ್ಟು ಕರೆಂಟು ಎಳೆಯುತ್ತದೆ ನೋಡೋಣವೆಂದು ಮೀಟರ್ ಹಾಕಿದರೆ ಮುಳ್ಳು ಸೊನ್ನೆಯಲ್ಲಿ! ಹುಡುಕಿದಾಗ ತಿಳಿಯಿತು, ಚಿಪ್ಪಿಗೆ ವಿದ್ಯುತ್ತಿನ ತಂತಿಯನ್ನೇ ಜೋಡಿಸಿರಲಿಲ್ಲ. ಬೇರೆ ಸಿಗ್ನಲ್ ತಂತಿಗಳಿಂದ ನುಸುಳಿದ ಚೂರುಪಾರು ಕರೆಂಟಿನಲ್ಲೇ ಅದು ಓಡಿತ್ತು. ಅಗ್ಗದ ಪ್ಲಾಸ್ಟಿಕ್ ಹೊದಿಕೆ ಕರಗದಷ್ಟು ತಣ್ಣಗಿರಲಿ ಎಂದು ಮಿತವ್ಯಯ ಮಾಡಿದ್ದರು, ಅದು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚಾಗಿ ಫಲಿಸಿತ್ತು. ಆ ಕುಟುಂಬದ ಚಿಪ್‌ಗಳೇ ಮುಂದೆ ನಮ್ಮೆಲ್ಲರ ಮೊಬೈಲಿಗೆ ಬಂದವು. 2020ರ ನವೆಂಬರಿನಲ್ಲಿ ಆಪಲ್ ಅದೇ ಬಳಗದ ಎಂ1 ಚಿಪ್ಪನ್ನು ಡೆಸ್ಕ್‌ಟಾಪಿಗೂ ಹಾಕಿತು. ಆ ಮ್ಯಾಕ್ ಮಿನಿ ಪೆಟ್ಟಿಗೆ ಪೂರ್ತಿ ದುಡಿಯುವಾಗಲೂ 39 ವ್ಯಾಟ್. ದೊಡ್ಡ ದೊಡ್ಡ ಡೆಸ್ಕ್‌ಟಾಪ್‌ಗಳನ್ನು ಅದು ಹಲವು ಕೆಲಸಗಳಲ್ಲಿ ನಾಚಿಸಿತು. 2021ರಿಂದ ಇಂಟೆಲ್ ಕೂಡ ಅದೇ ಮೊಬೈಲಿನ ಉಪಾಯ ಹಿಡಿದು, ಒಂದೇ ಚಿಪ್ಪಿನಲ್ಲಿ ಭಾರದ ಕೆಲಸಕ್ಕೆ ದೊಡ್ಡ ಕೋರ್, ಹಗುರ ಕೆಲಸಕ್ಕೆ ಚಿಕ್ಕ ಕೋರ್ ಹಾಕತೊಡಗಿತು.

ಈ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರಿನ ಝಿಯಾನ್ 7400 ಸರಣಿಯ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಸರ್ವರಿನ ಚಿಪ್ ಅದು, ಮೇಜಿನದಲ್ಲ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಬೆಂಗಳೂರಿನಲ್ಲೇ.

ಹೋಲಿಸುವುದು ಹೇಗೆ ಎಂದು ರೂಮಿನ ಹುಡುಗರು ಕೇಳುತ್ತಾರೆ. ವ್ಯಾಟ್ ಕಡಿಮೆಯಿದ್ದರೆ ಮಿತವ್ಯಯ ಎಂದೂ ಕಣ್ಣುಮುಚ್ಚಿ ಹೇಳಲಾಗದು. ಒಂದು ವೀಡಿಯೋ ಸಿದ್ಧ ಮಾಡುವ ಕೆಲಸ ಇದೆ ಎನ್ನಿ. 100 ವ್ಯಾಟಿನ ಯಂತ್ರ 6 ನಿಮಿಷದಲ್ಲಿ ಮುಗಿಸಿದರೆ ತಿಂದದ್ದು 10 ವ್ಯಾಟ್-ಗಂಟೆ. 60 ವ್ಯಾಟಿನದು 15 ನಿಮಿಷ ಎಳೆದರೆ 15 ವ್ಯಾಟ್-ಗಂಟೆ. ಬೇಗ ಮುಗಿಸಿ ಮಲಗುವವನೇ ಅಲ್ಲಿ ಮಿತವ್ಯಯಿ. ಆದರೆ ದಿನವಿಡೀ ಬಿಲ್ಲು ಬರೆಯುವ, ಪಾಠ ತೋರಿಸುವ ಯಂತ್ರ ಹೆಚ್ಚು ಹೊತ್ತು ಸುಮ್ಮನೆ ಕಾಯುತ್ತಲೇ ಇರುತ್ತದೆ. ಅಲ್ಲಿ ಕಾಯುವಾಗ ಎಷ್ಟು ತಿನ್ನುತ್ತದೆ ಎಂಬುದೇ ಮುಖ್ಯ. ನಿಮ್ಮದು ಯಾವ ಕೆಲಸ ಎಂಬುದನ್ನು ಮೊದಲು ಹೇಳದೆ ಯಾವ ಪ್ರೊಸೆಸರ್ ಒಳ್ಳೆಯದು ಎಂದು ಕೇಳುವುದು, ಕಾಯಿಲೆ ಹೇಳದೆ ಒಳ್ಳೆಯ ಮಾತ್ರೆ ಕೊಡಿ ಎಂದ ಹಾಗೆ.

2023ರಲ್ಲಿ ನಾವು ಅದೇ ಶಾಲೆಗೆ ಮತ್ತೆ ಹೋದೆವು. ಹೆಡ್‌ಮಾಸ್ತರರು ನಿವೃತ್ತರಾಗಿದ್ದರು, ಈಗ ಒಬ್ಬ ಮೇಡಂ. ಈ ಸಲ ಅಂಗೈಯಗಲದ ಹತ್ತು ಮಿನಿ ಪಿಸಿಗಳು, ಒಳಗೆ ಇಂಟೆಲ್ ಎನ್100 ಎಂಬ 6 ವ್ಯಾಟಿನ ಚಿಪ್. ಪುತ್ತೂರಿನ ಗೆಳೆಯ ರಜೆಯಲ್ಲಿದ್ದ, ತನ್ನ ಪ್ಲಗ್ ಮೀಟರ್ ತಂದಿದ್ದ. ಪೆಟ್ಟಿಗೆ ಮತ್ತು ಎಲ್‌ಇಡಿ ಮಾನಿಟರ್ ಸೇರಿ 33 ವ್ಯಾಟ್. ಹತ್ತಕ್ಕೆ 330. ಹಳೆಯ ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿ, ಮೇಡಂ ತರಗತಿ ನಡೆಸುತ್ತಿರುವಾಗಲೇ ಅವನು ಹೇಳದೆ ಕೇಳದೆ ಮೇನ್ ಆರಿಸಿದ. ಫ್ಯಾನು ನಿಂತಿತು. ಮಕ್ಕಳು ಒಮ್ಮೆ ತಲೆಯೆತ್ತಿ ಫ್ಯಾನು ನೋಡಿದರು, ಮತ್ತೆ ತಲೆತಗ್ಗಿಸಿ ಟೈಪು ಮಾಡತೊಡಗಿದರು. ಪೀರಿಯಡ್ಡು ಮುಗಿದ ಗಂಟೆ ಹೊಡೆಯುವವರೆಗೂ ಹತ್ತೂ ಪರದೆಗಳು ಉರಿಯುತ್ತಲೇ ಇದ್ದವು.

ಈ ವರ್ಷ ಇನ್ನೆರಡು ಶಾಲೆಗಳಿಂದ ಪತ್ರ ಬಂದಿದೆ. ಪಟ್ಟಿ ಮಾಡಲು ಕೂತಾಗ ಶಾರ್ಜಾದ ಆ ಹುಡುಗನೇ ಮೊದಲು ಕೇಳಿದ: "ಗೋಡೆಯ ಪ್ಲಗ್ಗಿನಲ್ಲಿ ಎಷ್ಟು ವ್ಯಾಟ್ ಅಣ್ಣ?"